ಸೀರೆಯೊಳಗಿನ ಕುಂಕುಮ

ಸೀರೆಯನ್ನು ಬರಿದೇ ಕೊಡಬಾರದು ಎಂದು ಹಟ ಹಿಡಿದವಳು ನಾನೇ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮಹಿಳಾ ಮಂಡಳಿಯಲ್ಲಿ ನನಗೆ ಎದುರಾಡುವವರು ಕಡಿಮೆ. ಕೃಷ್ಣೆಯ ನೆರೆಗೆ ಸಿಕ್ಕ ಊರಿಗೆ ಒಯ್ಯುವ ಸೀರೆಗಳೊಳಗೆ ರವಿಕೆ ಕಣ, ಹಸಿರು ಬಳೆ, ಒಂದು ಪೊಟ್ಟಣ ಕುಂಕುಮ ಇಡಿಸಿದೆ. ಹೋಗುವುದು ನೆರೆಗೋ ಹಳದಿ-ಕುಂಕುಮಕ್ಕೋ ಎಂದು ನಮ್ಮ ಮನೆಯವರು ಚುಚ್ಚಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ವಿಧವೆಯರೆಷ್ಟು ಎಂದು ಮೊದಲೇ ಫೋನಿನಲ್ಲಿ ಕೇಳಿ, ಅವರ ಸೀರೆಗಳನ್ನು ಬೇರೆ ಗಂಟು ಕಟ್ಟಿಸಿದ್ದೆ. ಅಷ್ಟು ಅಚ್ಚುಕಟ್ಟು ನನ್ನದು.

ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಬಾಗಲಕೋಟೆ ಕಡೆಯವರೊಬ್ಬರು ಟ್ರಕ್ ಕೊಟ್ಟರು. ಅದರ ಹಿಂದೆ ಬಾಡಿಗೆ ಗಾಡಿಯಲ್ಲಿ ನಾವು ಐದು ಹೆಂಗಸರು. ಸಾತಾರಾ ದಾಟುವವರೆಗೆ ಚಕ್ಕುಲಿ ಮೆಲ್ಲುತ್ತ, ಅಂತ್ಯಾಕ್ಷರಿ ಹಾಡುತ್ತ ಹೋದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊಲ್ಹಾಪುರದ ಆಚೆ ಕಬ್ಬು ನೆಲಕ್ಕೆ ಅಂಟಿತ್ತು, ಸತ್ತ ಎಮ್ಮೆಗಳು ಬೇಲಿಗೆ ಸಿಕ್ಕಿಕೊಂಡಿದ್ದವು. ಚಕ್ಕುಲಿ ಡಬ್ಬಿ ಮುಚ್ಚಿಟ್ಟೆವು. ಊರು ಮುಟ್ಟಿದ್ದು ಎರಡನೆಯ ದಿನ ಬೆಳಿಗ್ಗೆ.

ಜನರೆಲ್ಲ ಶಾಲೆಯಲ್ಲಿದ್ದರು. ನಾನು ಲಿಸ್ಟ್ ಹಿಡಿದು ನಿಂತೆ, ಹೆಂಗಸರು ಸಾಲಾಗಿ ಬಂದರು. ಒಬ್ಬರ ಹಣೆಯ ಮೇಲೂ ಕುಂಕುಮವಿಲ್ಲ. ಮನೆಯೇ ಹೋದ ಮೇಲೆ ಕುಂಕುಮದ ಭರಣಿ ಎಲ್ಲಿಯದು. ಅವಸರದಲ್ಲಿ ವಯಸ್ಸು ನೋಡಿಯೇ ಕೊಡತೊಡಗಿದೆ. ಇಪ್ಪತ್ತೆರಡರ ಆಸುಪಾಸಿನ ಒಬ್ಬಳು ಬಂದಾಗ, ಕೇಳುವುದೇನಿದೆ ಎಂದು ಬಳೆಯಿದ್ದ ಸೀರೆಯನ್ನೇ ಕೈಗಿಟ್ಟೆ.

ಅವಳು ಮಡಿಕೆ ಬಿಡಿಸಿದಳು. ಬಳೆ ನೋಡಿದಳು, ಕುಂಕುಮ ನೋಡಿದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮ ಮನಿಯವ್ರು ಸಿಕ್ಕಾರೇನ್ರಿ ಅಕ್ಕಾರ?"

ಅವಳ ಹಿಂದಿದ್ದ ಅತ್ತೆ ನೆಲಕ್ಕೆ ಕುಸಿದು ಕುಳಿತಳು. ಶಾಲೆಯ ಮೇಷ್ಟರು ನನ್ನ ಕಿವಿಯಲ್ಲಿ ಹೇಳಿದರು: ಎಮ್ಮೆ ಬಿಚ್ಚಲು ಹೋದ ಗಂಡ ಹೊಳೆಯಲ್ಲಿ ಕೊಚ್ಚಿಹೋಗಿ ಎಂಟು ದಿನ, ಹೆಣ ಸಿಕ್ಕಿಲ್ಲ, ಹಿರಿಯರು ನಿನ್ನೆಯಷ್ಟೇ ಇವಳ ಬಳೆ ಒಡೆಸಿದ್ದಾರೆ. ದೂರದ ಮುಂಬೈಯಿಂದ ಲಿಸ್ಟ್ ಹಿಡಿದು ಬಂದವರು ಬಳೆ, ಕುಂಕುಮ ಕೊಟ್ಟರೆ ಅವಳು ಇನ್ನೇನು ತಿಳಿಯಬೇಕು.

ಮೇಷ್ಟರ ಮುಖ ನೋಡಿದೆ, ಅವರು ತಲೆ ತಗ್ಗಿಸಿದರು. ಹೇಳಬೇಕಾದವಳು ನಾನೇ ಆಗಿದ್ದೆ.

"ಇಲ್ಲ ಮಗಾ, ಸಿಕ್ಕಲಿಲ್ಲ. ನನ್ನಿಂದ ತಪ್ಪಾಯ್ತು."

ಅವಳು ಅಳಲಿಲ್ಲ. ನನ್ನ ಕೈ ಬಿಟ್ಟಳು. ಬಳೆ, ಕುಂಕುಮಗಳನ್ನು ಸೀರೆಯೊಳಗೆ ಮೊದಲಿದ್ದಂತೆಯೇ ಇಟ್ಟು, ಮಡಚಿ, ನನ್ನ ಮುಂದೆ ಹಿಡಿದಳು.

"ಬ್ಯಾರೆಯವ್ರಿಗೆ ಉಪಯೋಗಕ್ಕ ಬರ್ತೈತ್ರಿ, ಇಟ್ಕೋರಿ," ಎಂದಳು.