ಗುಲಾಬಿ ಕಾದಂಬರಿಯ ಕೊನೆಯ ಹದಿನಾರು ಪುಟ

೧೯೫೬ರಲ್ಲಿ ನಾನು ಕೃಷ್ಣರಾಜನಗರದಲ್ಲಿ ಸಂಚಾರಿ ಗ್ರಂಥಾಲಯದ ಗುಮಾಸ್ತನಾಗಿದ್ದೆ. ಸಂಚಾರಿ ಎಂದರೆ ಮೋಟಾರು ವ್ಯಾನೆಂದು ತಿಳಿಯಬೇಡಿ. ಸೈಕಲ್ಲಿನ ಹಿಂದೆ ಬಿಗಿದ ಒಂದು ಮರದ ಪೆಟ್ಟಿಗೆ, ಸೈಕಲ್ ತುಳಿಯಲು ನಾನು, ಇಷ್ಟೇ ಗ್ರಂಥಾಲಯ. ಹಳ್ಳಿಗಳಿಗೆ ಪುಸ್ತಕ ಒಯ್ಯುವುದು, ಓದು ಬಾರದವರಿಗೆ ಓದಿ ಹೇಳುವುದು ನನ್ನ ಕೆಲಸ.

ಗುಲಾಬಿಯ ಕಥೆಗಳಿಗೆ ಆಗ ವಿಪರೀತ ಬೇಡಿಕೆ. ರಟ್ಟಿನ ಮೇಲೆ ಒಂದು ಗುಲಾಬಿ ಬರೆದಿದ್ದರೆ ಸಾಕು, ಆ ಪುಸ್ತಕ ಪೆಟ್ಟಿಗೆಗೆ ಮರಳುತ್ತಲೇ ಇರಲಿಲ್ಲ. ಬಹುಪಾಲು ಕಥೆಗಳಲ್ಲಿ ಗುಲಾಬಿ ಎಂದರೆ ಪ್ರೇಮಿ ಕೊಡುವ ಹೂವು, ಇಲ್ಲವೇ ಅರಮನೆ ತೋಟದ ಅಲಂಕಾರ. ಆದರೆ ಆ ವರ್ಷ ಬಂದ ಕಾದಂಬರಿಯೊಂದರಲ್ಲಿ ಗಿರಿಜೆ ಎಂಬ ಹುಡುಗಿ ಗುಲಾಬಿಗೆ ಗೊಬ್ಬರ ಹಾಕುತ್ತಿದ್ದಳು, ಹುಳ ಆರಿಸುತ್ತಿದ್ದಳು, ಮುಳ್ಳು ಚುಚ್ಚಿಸಿಕೊಂಡು ಹೂ ಬಿಡಿಸಿ ಸಂತೆಗೆ ಒಯ್ಯುತ್ತಿದ್ದಳು. ಚುಂಚನಕಟ್ಟೆ ಹತ್ತಿರದ ಹಳ್ಳಿಯಲ್ಲಿ, ಪುಟ್ಟತಾಯಮ್ಮ ಎಂಬ ಹಿರಿಯರ ಜಗಲಿಯ ಮೇಲೆ, ಪ್ರತಿ ಭಾನುವಾರ ಮಧ್ಯಾಹ್ನ ಅದನ್ನು ಓದತೊಡಗಿದೆ. ಭತ್ತದ ನಾಟಿ ಮಾಡಿ ದಣಿದ ಹೆಂಗಸರು ಪಕ್ಕದ ಮನೆಯ ಸುದ್ದಿಯಂತೆ ಕೇಳಿದರು.

"ಬೇರಿಗೆ ನೀರು ನಿಂತ್ರೆ ಕೊಳೀತದೆ, ಆ ಹುಡ್ಗೀಗೆ ಯೋಳಿ ಸ್ವಾಮಿ" ಎಂದು ಪುಟ್ಟತಾಯಮ್ಮ ಒಮ್ಮೆ ನನಗೇ ಎಚ್ಚರಿಕೆ ಕೊಟ್ಟರು.

ಕಥೆ ಮುಗಿಯಬೇಕಿದ್ದ ಭಾನುವಾರ ಬಂತು. ತೋಟ ತಮಗೆ ಬೇಕೆಂದು ಗಿರಿಜೆಯ ಅಣ್ಣಂದಿರು ಗುದ್ದಲಿ ಹಿಡಿದು ಬಂದರು. ಗಿರಿಜೆ ಬೇಲಿಯ ಬಳಿ ಅಡ್ಡ ನಿಂತಳು. ನಾನು ಪುಟ ತಿರುವಿದೆ. ನೋಡುತ್ತೇನೆ, ಅಲ್ಲಿ ಅವಳು ಮತ್ತೆ ಹಿಂದಿನ ಸಂತೆಯಲ್ಲಿ ಹೂ ಮಾರುತ್ತಿದ್ದಾಳೆ!

ಪುಸ್ತಕದ ಹದಿನಾರು ಹದಿನಾರು ಪುಟಗಳನ್ನು ಒಂದೊಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಿಸುತ್ತಾರೆ. ಅದಕ್ಕೆ ಫಾರಂ ಎನ್ನುತ್ತಾರೆ. ಬೈಂಡಿಂಗ್ ಮಾಡಿದವರು ಒಂದು ಫಾರಮ್ಮನ್ನು ಎರಡು ಸಲ ಹೊಲಿದು, ಕೊನೆಯದನ್ನು ಕೈಬಿಟ್ಟಿದ್ದರು.

"ಅರ್ಧ ಪುಸ್ತಕ ತಂದು ನಮ್ನ ಆಟ ಆಡಿಸ್ತೀರಾ?" ಪುಟ್ಟತಾಯಮ್ಮ ರೇಗಿದರು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಸೈಕಲ್ ಹತ್ತುವಾಗ ಶಿವಮ್ಮ ಎಂಬ ಹೆಣ್ಣುಮಗಳು ಓಡಿ ಬಂದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪ ಕೊಟ್ಟಿದ್ದ ತುಂಡು ಗದ್ದೆಯನ್ನು ತಾನೇ ಬೇಸಾಯ ಮಾಡುತ್ತಿದ್ದವಳು.

"ಆ ಹುಡ್ಗಿ ತ್ವಾಟ ಬುಟ್ಕೊಟ್ಳಾ ಸ್ವಾಮಿ? ನಾಳೆ ಬುಟ್ಟು ಮುಂದಿನ ಸೋಮವಾರ ನಮ್ಮಣ್ಣ ಪಂಚಾಯ್ತಿ ಸೇರಿಸ್ತಾನೆ. ಗದ್ದೆ ನಾನು ಬುಟ್ಕೊಡ್ಬೇಕಂತೆ."

ಮುಂದಿನ ಭಾನುವಾರ ಕೊನೆ ತರುತ್ತೇನೆಂದು ಹೇಳಿ ಹೊರಟೆ. ಒಂದು ಕಾದಂಬರಿಯ ಕೊನೆಗಾಗಿ ಯಾರಾದರೂ ಹೀಗೆ ಉಸಿರು ಬಿಗಿಹಿಡಿದು ಕಾಯುವುದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಕೃಷ್ಣರಾಜನಗರದಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ರಜೆ ಹಾಕಿ ಹುಣಸೂರಿಗೆ ಬಸ್ಸು ಹತ್ತಿದೆ. ಅಲ್ಲಿನ ಪುಸ್ತಕದಂಗಡಿಯವರು, "ಇದ್ದದ್ದು ಒಂದೇ ಕಣ್ರೀ. ಕೋಟೆ ಆಸ್ಪತ್ರೆ ನರ್ಸಮ್ಮ ತಗೊಂಡೋದ್ರು" ಎಂದರು. ಕೋಟೆ ಎಂದರೆ ಹೆಗ್ಗಡದೇವನಕೋಟೆ. ಹೊರಟು ನಿಂತಿದ್ದ ಬಸ್ಸಿಗೆ ಓಡಿ ನೇತುಬಿದ್ದೆ.

ನರ್ಸ್ ಗ್ರೇಸಮ್ಮ ಮನೆಯಲ್ಲೇ ಇದ್ದರು. ಪುಸ್ತಕ ಅವರ ಕೈಯಲ್ಲೇ ಇತ್ತು! ಶಿವಮ್ಮನ ಗದ್ದೆಯ ವಿಷಯವನ್ನೂ ಸೇರಿಸಿ ಬಂದ ಕಾರಣ ಹೇಳಿದೆ.

"ಇನ್ನು ನಾಲ್ಕು ಪುಟ ಇದೆ, ಕೂತ್ಕೊಳಿ. ಅಮಲ್ದಾರರೇ ಬಂದ್ರೂ ಮುಗಿಸದೆ ಕೊಡಲ್ಲ" ಎಂದು ಒಳಗೆ ಹೋದರು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. "ತೋಟ ಬಿಟ್ಟುಕೊಟ್ಟಳು. ಗಿಡ ಎಲ್ಲಾ ಅಗೆದು ಹಾಕಿದ್ರು. ಇದನ್ನ ಆ ಹೆಣ್ಣುಮಗಳಿಗೆ ಓದಬೇಡಿ. ಬೇರೆ ಏನಾದರೂ ಕಟ್ಟಿ ಹೇಳಿ" ಎಂದು ಪುಸ್ತಕ ನನ್ನ ಕೈಗಿಟ್ಟರು.

ಮರಳುವಾಗ ಬಸ್ಸಿನಲ್ಲಿ ಬೇರೆ ಕೊನೆಗಳನ್ನು ಕಟ್ಟುತ್ತಲೇ ಇದ್ದೆ. ಒಂದರಲ್ಲಿ ಅಣ್ಣಂದಿರು ಗುದ್ದಲಿ ಬಿಸಾಡಿ ಕ್ಷಮೆ ಕೇಳಿದರು. ಇನ್ನೊಂದರಲ್ಲಿ ಊರೇ ಬಂದು ಬೇಲಿಗೆ ಕಾವಲು ನಿಂತಿತು. ಓದು ಬಾರದ ಅವರಿಗೆ ಯಾವುದನ್ನು ಹೇಳಿದರೂ ನಡೆಯುತ್ತಿತ್ತು.

ಭಾನುವಾರ ಜಗಲಿ ತುಂಬಿ ಅಂಗಳದಲ್ಲೂ ಜನ. ಪುಸ್ತಕ ಬಿಚ್ಚುವಷ್ಟರಲ್ಲಿ ಶಿವಮ್ಮ ಕೇಳಿದಳು: "ಅದ್ರಾಗಿರಾದ್ನೇ ತಾನೆ ಓದೋದು?"

"ಹೌದಮ್ಮ, ಇರುವುದನ್ನೇ" ಎಂದುಬಿಟ್ಟೆ. ಅಲ್ಲಿಗೆ ನಾನು ಕಟ್ಟಿದ ಕೊನೆಗಳೆಲ್ಲ ಬಿದ್ದುಹೋದವು.

ಓದಿದೆ. ಗಿರಿಜೆ ಬೇಲಿಯಿಂದ ಸರಿದು ನಿಂತಳು. ಗುಲಾಬಿ ಗಿಡಗಳು ಬೇರುಸಹಿತ ಎದ್ದು ಬಂದವು. ಅವಳು ಅಳುತ್ತ ಅಣ್ಣಂದಿರ ಕಾಲಿಗೆ ನಮಸ್ಕರಿಸಿ ಊರು ಬಿಟ್ಟಳು. ನಾನು ಪುಸ್ತಕ ಮುಚ್ಚಿದೆ. ಎಲ್ಲರೂ ಒಟ್ಟಿಗೇ ಸಿಡಿದೆದ್ದರು.

"ಇದ್ಯಾವ ಸೀಮೆ ಕತೆ?" ಪುಟ್ಟತಾಯಮ್ಮ ಎದ್ದೇ ನಿಂತರು. "ಮಗೀನಂಗೆ ಸಾಕ್ದೋಳು ಇಂಗೆ ಬುಟ್ಟಾಳಾ? ಬರ್ದೋನ್ನ ಕರ್ಕೊಂಬನ್ನಿ ಇಲ್ಲಿಗೆ!"

ಶಿವಮ್ಮ ಅಳುತ್ತಾಳೆಂದು ಹೆದರಿ ಅವಳತ್ತ ನೋಡಿದೆ. ಅವಳ ಕಣ್ಣು ಹೊಳೆಯುತ್ತಿತ್ತು.

"ಬುಡಿ ಅತ್ತೆ" ಎಂದಳು. "ಅವ್ಳು ಬುಟ್ಕೊಟ್ಳು. ನಾನು ಬುಡಾಕಿಲ್ಲ."

ಮರುದಿನ ಪಂಚಾಯ್ತಿಗೆ ಅವಳು ಒಬ್ಬಳೇ ಹೋಗಲಿಲ್ಲ. ಜಗಲಿಯ ಹೆಂಗಸರೆಲ್ಲ ಅವಳ ಹಿಂದೆ ಹೋಗಿ ಕೂತರು. ಅಪ್ಪ ನೆರೆದ ಜನರ ಎದುರೇ ಗದ್ದೆ ಕೊಟ್ಟಿದ್ದನ್ನು ಶಿವಮ್ಮ ತಾನೇ ಬಾಯಿಬಿಟ್ಟು ಹೇಳಿದಳು. ಪುಟ್ಟತಾಯಮ್ಮ ಹೌದೆಂದರು. ಊರ ಯಜಮಾನರು ಕೇಳಿದಾಗ ಅಣ್ಣನೂ ಅದನ್ನು ಒಪ್ಪಿಕೊಳ್ಳಬೇಕಾಯಿತು. ಗದ್ದೆ ಅವಳ ಬಳಿಯೇ ಉಳಿಯಿತು. ಮುಂದಿನ ಭಾನುವಾರ ಈ ಸುದ್ದಿ ಕೇಳಿ, ಕುಣಿಯುವುದೊಂದು ಬಾಕಿ ಎಂಬಂತಾಯಿತು ನನಗೆ.

ಆಮೇಲೆ ಬಹಳ ವರ್ಷ ಪುಸ್ತಕಗಳ ನಡುವೆಯೇ ಕೆಲಸ ಮಾಡಿದೆ. ಹೊಸ ಪುಸ್ತಕ ಬಂದರೆ ಪುಟಗಳೆಲ್ಲ ಸರಿಯಾಗಿವೆಯೇ ಎಂದು ಮೊದಲು ನೋಡುವುದು ಅಭ್ಯಾಸವಾಯಿತು. ಅದಕ್ಕಿಂತ ಮುಖ್ಯವಾಗಿ, ಕಹಿಯಾದ ಕೊನೆಯನ್ನು ಯಾವ ಓದುಗರಿಂದಲೂ ಬಚ್ಚಿಡಬಾರದೆಂದು ಕಲಿತೆ. ಕಥೆಯನ್ನು ಪೂರ್ತಿ ತಲುಪಿಸುವುದಷ್ಟೇ ನಮ್ಮ ಕೆಲಸ. ಅದನ್ನು ಒಪ್ಪಬೇಕೋ, ಎದುರಿಸಿ ನಿಲ್ಲಬೇಕೋ, ಕೇಳಿದವರಿಗೆ ಗೊತ್ತಿರುತ್ತದೆ.