ಅಕ್ಕನ ಕಡೆಗೆ ತಿರುಗಿಸಿದ ಪೆಟ್ಟಿಗೆ

ನನ್ನ ಅಕ್ಕನಿಗೆ ಮರೆವು ಹಿಡಿದಿದೆ ಎಂದು ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ರಾಜ್ಯೋತ್ಸವದ ವೇದಿಕೆಯಲ್ಲಿ, ಮೈಕ್ ಹಿಡಿದು, ಮಕ್ಕಳು ಮರಿಯೆಲ್ಲ ಕೇಳುವಂತೆ ಸಾರಿದರು. ಅದು ಸುಳ್ಳು. ಆ ಮಾತನ್ನು ಅವರು ಈವರೆಗೆ ಹಿಂತೆಗೆದುಕೊಂಡಿಲ್ಲ. ಅದು ಸುಳ್ಳೆಂದು ಅಂದು ಆ ಸಭಾಂಗಣದಲ್ಲಿ ಖಚಿತವಾಗಿ ತಿಳಿದಿದ್ದವನು ಒಬ್ಬನೇ. ಅವನು ವೇದಿಕೆಯ ಬದಿಯಲ್ಲಿ, ತಾನೇ ಕಟ್ಟಿದ ಯಂತ್ರದ ಪಕ್ಕದಲ್ಲಿ ಕುಳಿತಿದ್ದ, ಬಾಯಿ ತೆರೆಯಲಿಲ್ಲ. ಅವನು ನಾನು.

ಅಕ್ಕ ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು. ಭಾವ ತೀರಿಕೊಂಡ ಮೇಲೆ, ಮದುವೆಯ ಗೋಜಿಗೆ ಹೋಗದ ನನ್ನ ಜೊತೆಗಿರಲು ಎಲೆಕ್ಟ್ರಾನಿಕ್ ಸಿಟಿಯಾಚೆಗಿನ ಈ ಅಪಾರ್ಟ್‌ಮೆಂಟಿಗೆ ಬಂದಳು. ವಚನಗಳನ್ನು ಹಾಡುತ್ತಾಳೆ, ಪುಸ್ತಕ ನೋಡಿಕೊಂಡು ಹಾಡಿದ್ದನ್ನು ನಾನು ಕಂಡಿಲ್ಲ. ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಮಕ್ಕಳಿಗೂ ಅವರ ತಾಯಂದಿರಿಗೂ ಕಲಿಸುತ್ತಿದ್ದಳು. ಸಂಘದ ಸಭಾಂಗಣದಲ್ಲಿ ಮೊದಲ ಸಲ ಹಾಡಿ ಬಂದ ದಿನ ಅವಳೊಂದು ಮಾತು ಹೇಳಿದಳು: "ನಮ್ಮೂರ ಮಠದ ಕಲ್ಲು ಮಂಟಪದಾಗ ಹಾಡಿದ್ರ ದನಿ ಹೋಗಿ ತಿರುಗಿ ಬರ್ತಿತ್ತು. ಇಲ್ಲಿ ಹೋದದ್ದು ಹೋತು, ಬರಾದೇ ಇಲ್ಲ."

ಸಭಾಂಗಣದ ನೆಲಕ್ಕೆ ದಪ್ಪ ಜಮಖಾನ, ಮೇಲೆ ತೂಗುಚಾವಣಿ. ಧ್ವನಿಯನ್ನು ನುಂಗಲೆಂದೇ ಕಟ್ಟಿದಂತಿತ್ತು. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಧ್ವನಿಯಂತ್ರಗಳನ್ನು ಒರೆಗೆ ಹಚ್ಚುತ್ತಲೇ ನಿವೃತ್ತನಾದವನು ನಾನು. ಅಕ್ಕನ ಮಾತನ್ನು ನಾನು ಗೊಣಗಾಟವೆಂದು ತಿಳಿಯಲಿಲ್ಲ, ನನಗೆ ವಹಿಸಿದ ಕೆಲಸವೆಂದೇ ತಿಳಿದೆ. ಹೋದ ದನಿಯನ್ನು ತಿರುಗಿ ತರಿಸಬೇಕು.

ಇದನ್ನು ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯ ಕಿವಿಗೆ ಹಾಕಿದ್ದು ನನ್ನ ತಪ್ಪು. ಆತ ಫೋನಿನಿಂದ ಕಣ್ಣೆತ್ತದೆ ಹೇಳಿದ: "ಎಕೋ ತಾನೇ ಸಾರ್? ಆ್ಯಪ್ ಇದೆ, ಫ್ರೀ. ನಿಮ್ಗೆ ಡೌನ್‌ಲೋಡ್ ಮಾಡೋಕ್ ಬರ್ಲಿಲ್ಲ ಅಂದ್ರೆ ನಮ್ಮ ಮಗಳು ಮಾಡ್ಕೊಡ್ತಾಳೆ." ಅವನ ಮಗಳಿಗೆ ಆಗ ಒಂದನೆಯ ತರಗತಿ. ಆ ಮಾತನ್ನು ನಾನು ಮರೆಯಲಿಲ್ಲ. ಯಾವುದನ್ನೂ ಮರೆಯುವುದಿಲ್ಲ ಎಂಬುದೇ ನನ್ನ ಗುಣ, ಮತ್ತು ಈ ಕಥೆಯಲ್ಲಿ ನನ್ನ ದೋಷ.

ಅಟ್ಟದ ಮೇಲೆ ಒಂದು ಹಳೆಯ ಕ್ಯಾಸೆಟ್ ರೆಕಾರ್ಡರ್ ಇತ್ತು. ಇನ್ನೊಂದನ್ನು ಆನೇಕಲ್ಲಿನ ಗುಜರಿ ಅಂಗಡಿಯಲ್ಲಿ ಹುಡುಕಿದೆ. ಅಂಗಡಿಯವನು ಧೂಳು ಒರೆಸುತ್ತ ಕೇಳಿದ: "ಇದ್ಯಾತಕ್ ಸಾ? ಆಡಾಡೋ ಕಾಲ ಓಯ್ತು ಇದ್ರದ್ದು."

"ಇದರ ಹೆಡ್ ಒಂದು ಬೇಕು. ಮಿಕ್ಕದ್ದು ಬೇಡ."

"ತಲೆ ಒಂದ್ ಕಿತ್ಕೊಂಡ್ ಓದ್ರೆ ಮುಂಡ ಇಟ್ಕೊಂಡ್ ನಾನೇನ್ ಮಾಡ್ಲಿ? ಇಂಗೇ ಪೂರ್ತಿ ತಗಂಡೋಗಿ."

ಪೂರ್ತಿಯಾಗಿಯೇ ತಂದೆ. ಕೆಲಸದ ಸೂತ್ರ ಸರಳ. ರೆಕಾರ್ಡರಿನಲ್ಲಿ ಓಡುವ ಟೇಪಿನ ಮೇಲೆ ಒಂದು ಹೆಡ್ ಧ್ವನಿಯನ್ನು ಬರೆಯುತ್ತದೆ. ಅದರ ಮುಂದೆ, ಟೇಪ್ ಹೋಗುವ ದಾರಿಯಲ್ಲಿ ಇನ್ನೊಂದು ಹೆಡ್ ಕೂರಿಸಿದರೆ, ಬರೆದದ್ದನ್ನು ಅದು ತುಸು ತಡವಾಗಿ ಓದುತ್ತದೆ. ಆ ತಡವೇ ಪ್ರತಿಧ್ವನಿ. ಟೇಪಿನ ಒಂದು ತುಂಡನ್ನು ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದರೆ ಅದು ಸುತ್ತುತ್ತಲೇ ಇರುತ್ತದೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಎರಡನೆಯ ಹೆಡ್ಡನ್ನು ಹಿತ್ತಾಳೆಯ ಪಟ್ಟಿಯ ಮೇಲೆ ಅತ್ತಿತ್ತ ಸರಿಯುವಂತೆ ಕೂರಿಸಿದೆ. ಎರಡು ಹೆಡ್‌ಗಳ ನಡುವೆ ಒಂದು ಬೆರಳಿನ ಅಗಲ ಬಿಟ್ಟರೆ, ಹಾಡಿದ ಮಾತು ಅರೆ ಕ್ಷಣ ಕಳೆದು ಹಿಂದಿರುಗುತ್ತಿತ್ತು. ಯಂತ್ರವನ್ನು ಕೂರಿಸಿದ ಪೆಟ್ಟಿಗೆಯ ತಿರುಪುಗಳೆಲ್ಲ ಒಂದೇ ಬಗೆಯವಾಗುವವರೆಗೆ ನಾನು ಬಿಡಲಿಲ್ಲ. ಅಂಟಿಸಿದ ಜಾಗದಲ್ಲಿ ಬರುತ್ತಿದ್ದ ಟಕ್ ಎಂಬ ಸದ್ದು ಅಡಗುವವರೆಗೆ ಟೇಪನ್ನು ಕತ್ತರಿಸಿ ಕತ್ತರಿಸಿ ಅಂಟಿಸಿದೆ.

ಅಕ್ಕ ಒಂದು ವಚನ ಹಾಡಿದಳು. ಅವಳು ಹಾಡುತ್ತಿರುವಾಗಲೇ ನಾನು ಅದನ್ನು ಯಂತ್ರದ ಮೂಲಕ ನಮ್ಮ ಹಳೆಯ ಸ್ಪೀಕರಿನಲ್ಲಿ ಕೇಳಿಸಿದೆ. ಅವಳು ಅರ್ಧಕ್ಕೆ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

"ಬಾವ್ಯಾಗ ಯಾರೋ ಕುಂತು ನನ್ನ ಅಣಕಿಸಿದಂಗಾತಲ್ಲೋ! ಮಂಟಪದಾಗ ಬರೀ ಗುಂಗು ಬರ್ತಿತ್ತು. ಇಲ್ಲಿ ನನ್ನ ಮಾತು ನನಗ ವಾಪಸ್ ಬರ್ತೈತಿ. ಬ್ಯಾಡಪ್ಪ."

"ಕೇಳೋರಿಗೆ ಚೆನ್ನಾಗಿರುತ್ತೆ. ನಿನಗೆ ಕೇಳಿಸದ ಹಾಗೆ ಮಾಡ್ತೀನಿ."

"ಹಂಗಾದ್ರ ಆಗ್ಲಿ. ನನ್ನ ಕಡೆ ಮಾತ್ರ ಬಿಡಬ್ಯಾಡ."

ಈ ಕರಾರಿನ ಮೇಲೆ ಅವಳು ಒಪ್ಪಿದಳು. ಬಾವಿಯ ಮಾತನ್ನು ಅವಳು ನಗೆಯಲ್ಲಿ ಆಡಿದ್ದಳು. ನಾನದನ್ನು ಕಾರ್ಯದರ್ಶಿಯ ಮಾತಿನ ಪಕ್ಕದಲ್ಲೇ ಜೋಡಿಸಿ ಇಟ್ಟುಕೊಂಡೆ.

ರಾಜ್ಯೋತ್ಸವದ ದಿನ ಬೆಳಗಿನ ಅಭ್ಯಾಸದಲ್ಲಿ ಎರಡೂ ಸ್ಪೀಕರ್ ಪೆಟ್ಟಿಗೆಗಳು ಸಭಿಕರ ಕಡೆಗಿದ್ದವು. ಅಕ್ಕ ಸೊಗಸಾಗಿ ಹಾಡಿದಳು. ಕುರ್ಚಿ ಹಾಕುತ್ತಿದ್ದ ಭದ್ರತಾ ಸಿಬ್ಬಂದಿ ಕೆಲಸ ನಿಲ್ಲಿಸಿ ಕೇಳಿದರು. ಒಬ್ಬ ನನ್ನ ಬಳಿ ಬಂದು, "ದೇವಸ್ಥಾನದಲ್ಲಿ ಕೂತಂಗಾಯ್ತು ಸಾರ್" ಎಂದ. ಅಷ್ಟನ್ನು ಕೇಳಿ ತೃಪ್ತಿಪಟ್ಟಿದ್ದರೆ ಸಾಕಿತ್ತು. ಆದರೆ ಹೊಗಳಬೇಕಾದವಳು ಹೊಗಳಿರಲಿಲ್ಲ. ಸಂಜೆ ನಾಡಗೀತೆ ಮುಗಿದು ಅಕ್ಕ ವೇದಿಕೆ ಹತ್ತುವ ಮೊದಲು, ನನ್ನ ಬದಿಯ ಪೆಟ್ಟಿಗೆಯನ್ನು ನಾನು ಮೆಲ್ಲನೆ ಅವಳ ಕಡೆಗೆ ತಿರುಗಿಸಿದೆ. ತನ್ನ ದನಿ ಎಷ್ಟು ಚೆನ್ನಾಗಿ ತಿರುಗಿ ಬರುತ್ತಿದೆಯೆಂದು ಒಮ್ಮೆ ಅವಳೂ ಕೇಳಲಿ, ಎಂದುಕೊಂಡೆ.

ಹೀಗೆ ಮಾಡಿದರೆ ಏನಾಗುತ್ತದೆಂದು ಈ ನಗರದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ನಮ್ಮ ಪರೀಕ್ಷಾ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವನನ್ನು ದೊಡ್ಡ ಟೇಪ್ ಯಂತ್ರದ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದಿನಪತ್ರಿಕೆ ಓದಲು ಹೇಳುತ್ತಿದ್ದೆವು. ಅವನ ಧ್ವನಿ ಅವನ ಕಿವಿಗೇ ತುಸು ತಡವಾಗಿ ಬೀಳುತ್ತಿತ್ತು. ಎಂಥ ವಾಗ್ಮಿಯಾದರೂ ಎರಡು ಸಾಲಿನೊಳಗೆ ತೊದಲತೊಡಗುತ್ತಿದ್ದ. ನಾಲಿಗೆ ಕಿವಿಗಾಗಿ ಕಾಯುತ್ತದೆ, ಪದಗಳು ಎಳೆದುಕೊಳ್ಳುತ್ತವೆ, ಮುಂದಿನ ಮಾತು ಕೈಗೆ ಸಿಗದಂತಾಗುತ್ತದೆ. "ಏನ್ ಗುರೂ, ಬೆಳಿಗ್ಗೇನೇ ಹಾಕ್ಬಿಟ್ಟಿದೀಯಾ?" ಎಂದು ನಾವೆಲ್ಲ ನಗುತ್ತಿದ್ದೆವು. ಎಷ್ಟೋ ಮಂದಿಯ ತಲೆಗೆ ಆ ಹೆಡ್‌ಫೋನನ್ನು ನಾನೇ ತೊಡಿಸಿದ್ದೇನೆ. ಹಾಗಿದ್ದೂ ಪೆಟ್ಟಿಗೆ ತಿರುಗಿಸುವ ಕ್ಷಣದಲ್ಲಿ ಅದು ನೆನಪಾಗಲಿಲ್ಲವೆಂದರೆ ನಂಬುವವರಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ.

ಅಕ್ಕ ಮೊದಲ ಸಾಲು ಹಾಡಿದಳು. ಎರಡನೆಯ ಸಾಲಿನಲ್ಲಿ ಒಂದಕ್ಷರ ಉದ್ದವಾಯಿತು. ಅವಳು ನಿಂತಳು, ಪ್ರತಿಧ್ವನಿ ದಾಟಿಹೋಗಲೆಂದು ಕಾದಳು, ಮತ್ತೆ ತೊಡಗಿದಳು. ಹಾಡಿದ್ದನ್ನೇ ಹಾಡಿದಳು. ತುಟಿ ಆಡುತ್ತಿತ್ತು, ಮಾತು ಬರಲಿಲ್ಲ. ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ಕೈ ಚಾಚಿದ್ದರೆ ಯಂತ್ರ ನಿಲ್ಲಿಸುವ ಗುಂಡಿ ಸಿಗುತ್ತಿತ್ತು. ನನ್ನ ಯಂತ್ರ ತನ್ನ ಕೆಲಸವನ್ನು ಲವಲೇಶ ತಪ್ಪಿಲ್ಲದೆ ಮಾಡುತ್ತಿತ್ತು, ನಾನದನ್ನು ನೋಡುತ್ತ ಕುಳಿತೆ.

ಕಾರ್ಯದರ್ಶಿ ವೇದಿಕೆಗೆ ನುಗ್ಗಿ ಅವಳ ಕೈಯಿಂದ ಮೈಕ್ ತೆಗೆದುಕೊಂಡ. "ಆಂಟಿಗೆ ಮರ್ತ್ಹೋಗ್ಬಿಟ್ಟಿದೆ, ಪಾಪ. ಈ ವಯಸ್ಸಲ್ಲಿ ಮರೆವು ಎಲ್ರಿಗೂ ಬರತ್ತೆ ಕಣ್ರೀ, ನಮ್ಮ ಮಾವನಿಗೂ ಹಿಂಗೇ ಶುರುವಾಗಿದ್ದು. ಜೋರಾಗ್ ಒಂದ್ ಚಪ್ಪಾಳೆ ಹೊಡೀರಿ!" ಜನ ಹೊಡೆದರು. ಆಮೇಲೆ ಆತ ಕೆಳಗಿಳಿದು ಬಂದು ನನ್ನ ಯಂತ್ರದ ಪ್ಲಗ್ಗನ್ನು ಕಿತ್ತೆಸೆದ. ಟೇಪ್ ಚಕ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾಯಿತು.

ಮರುದಿನ ನಾನು ಸಂಘದ ಕಚೇರಿಗೆ ಹೋಗಿ ಗುಡುಗಿದೆ. ಯಾವುದರ ಬಗ್ಗೆ? ಪ್ಲಗ್ಗಿನ ಬಗ್ಗೆ. ಚಾಲನೆಯಲ್ಲಿರುವ ಯಂತ್ರವನ್ನು ಹೇಗೆ ನಿಲ್ಲಿಸಬೇಕೆಂಬ ಕನಿಷ್ಠ ಜ್ಞಾನದ ಬಗ್ಗೆ. ಅಕ್ಕನ ಮರೆವಿನ ಮಾತು ಬಂದಾಗ ನನ್ನ ದನಿ ತಾನಾಗಿ ತಗ್ಗಿತು. ಅವಳಿಗೆ ಮರೆವಿಲ್ಲವೆಂದರೆ ಏನಾಯಿತೆಂದು ಹೇಳಬೇಕಾಗುತ್ತಿತ್ತು.

ಅಕ್ಕ ಶನಿವಾರದ ಪಾಠ ನಿಲ್ಲಿಸಿದಳು. ಅಂದು ಕಿವಿಗೆ ಬಿದ್ದ ಪ್ರತಿಧ್ವನಿ ಸಭಿಕರ ಕಡೆಯಿಂದ ಬಂದದ್ದೆಂದೇ ಅವಳು ತಿಳಿದಿದ್ದಳು, ಅದು ನಾಲಿಗೆಯನ್ನೇ ತಡೆಯಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಚಳಿಗಾಲವಿಡೀ ಅವಳು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ಒಗ್ಗರಣೆ ಹಾಕುತ್ತ ತನ್ನ ಮೊದಲ ವರ್ಷದ ವಿದ್ಯಾರ್ಥಿಗಳ ಹಾಜರಿ ಕೂಗುತ್ತಿದ್ದಳು, ಒಂದು ಹೆಸರು ತಡವಾದರೆ ಸೌಟು ಹಿಡಿದು ನಿಂತುಬಿಡುತ್ತಿದ್ದಳು. "ಗ್ಯಾಸ್ ಆರಿಸೀನೇನೋ? ನೋಡು ಹೋಗು." ಆರಿಸಿರುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕವರು ಅವಳೊಡನೆ ಮಗುವಿನೊಡನೆ ಆಡಿದಂತೆ ಮಾತಾಡುತ್ತಿದ್ದರು: "ಆಂಟೀ, ನಾನ್ಯಾರು ಹೇಳಿ ನೋಡೋಣ?" ಕೊನೆಗೆ ಅವಳೇ ಫೋನ್ ಮಾಡಿ ಮರೆವಿನ ವೈದ್ಯರಲ್ಲಿ ಸಮಯ ಗೊತ್ತುಮಾಡಿಕೊಂಡಳು.

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ವಿಭೂತಿ ಧರಿಸಿ, ಪರೀಕ್ಷೆಗೆ ಹೊರಟ ವಿದ್ಯಾರ್ಥಿನಿಯಂತೆ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ಅದನ್ನು ನೋಡಲಾಗಲಿಲ್ಲ. ಹೊಸ ಟೇಪ್ ಹಾಕಿ ಸರಿಪಡಿಸಿಟ್ಟಿದ್ದ ಯಂತ್ರವನ್ನು ತಂದು ಅವಳ ಮುಂದಿಟ್ಟೆ. ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿಕೊಂಡು ಅಂದಿನ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಸಾಲಿಗೆ ತೊದಲಿದೆ, ಮೂರನೆಯದಕ್ಕೆ ನಿಂತೆ.

ಅವಳು ಮೊದಲು ನಕ್ಕಳು. ನಗು ಅರ್ಧದಲ್ಲೇ ನಿಂತಿತು.

"ಅವತ್ತು ಪೆಟ್ಟಿಗಿ ನನ್ನ ಕಡೆ ಇತ್ತಾ?"

"ಇತ್ತು. ನಾನೇ ತಿರುಗಿಸಿದ್ದು."

"ಹಿಂಗಾಗ್ತೈತಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎದ್ದು ಆಸ್ಪತ್ರೆಗೆಂದು ತೆಗೆದಿಟ್ಟಿದ್ದ ಚೀಲವನ್ನು ಮತ್ತೆ ಮೊಳೆಗೆ ತೂಗುಹಾಕಿದಳು. "ಅವರು ಮೈಕ್ ಹಿಡ್ದು ಹೇಳಿದ್ರು," ಎಂದಳು. "ನೀನು ಅಡಿಗಿಮನ್ಯಾಗ ಹೇಳಾಕ್ಹತ್ತೀ."

ಆಸ್ಪತ್ರೆಗೆ ಹೋಗಲಿಲ್ಲ. ನಾನು ಸಂಘದ ಸರ್ವಸದಸ್ಯರ ಸಭೆಗೆ ಹೋದೆ. ಪಾರ್ಕಿಂಗ್, ಕೊಳವೆಬಾವಿ, ನಾಯಿಗಳ ವಿಚಾರ ಮುಗಿದ ಮೇಲೆ ಎದ್ದು ನಿಂತು, ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳಿದೆ. ಅಕ್ಕನಿಗೆ ಮರೆವಿಲ್ಲವೆಂದು ಸಂಘ ಅಷ್ಟೇ ಬಹಿರಂಗವಾಗಿ ಹೇಳಬೇಕೆಂದು ಕೇಳಿದೆ. ಕಾರ್ಯದರ್ಶಿ ಸುತ್ತಲೂ ನೋಡಿ ನಕ್ಕ: "ಹಳೇ ವಿಷ್ಯ ಬಿಡಿ ಸಾರ್, ಯಾರ್ಗೂ ನೆನ್ಪೇ ಇಲ್ಲ. ಅದೂ ಅಲ್ದೆ ಸ್ಪೀಕರ್ ತಿರುಗ್ಸಿದ್ದು ನೀವು. ನಮ್ದೇನ್ ತಪ್ಪು ಸಾರ್ ಇದ್ರಲ್ಲಿ?"

ತಪ್ಪಿನ ದೊಡ್ಡ ಪಾಲು ನನ್ನದು. ಅದನ್ನು ಯಾರೊಂದಿಗೂ ಹಂಚಿಕೊಳ್ಳಲು ನಾನು ಸಿದ್ಧನಿಲ್ಲ. ಅಕ್ಕ ಈಗ ಹಾಡುತ್ತಾಳೆ, ಕೋಣೆಯ ಬಾಗಿಲು ಹಾಕಿಕೊಂಡು. ಒಂದಕ್ಷರವೂ ತಪ್ಪುವುದಿಲ್ಲ. ಚಾಪೆಯ ಮೇಲೆ ಕೂರುತ್ತಿದ್ದ ಮಕ್ಕಳು ಮಾತ್ರ ತಿರುಗಿ ಬಂದಿಲ್ಲ. ಮರೆವಿನವಳ ಬಳಿ ಮಕ್ಕಳನ್ನು ಕಲಿಯಲು ಬಿಡುವವರಾರು? ಹೀಗಿರುವಾಗ ಸಂಘದ ಪದಾಧಿಕಾರಿಗಳನ್ನೂ, ಅಂದು ಚಪ್ಪಾಳೆ ತಟ್ಟಿದವರನ್ನೂ, ಸುಮ್ಮನೆ ಕುಳಿತ ನನ್ನನ್ನೂ ಸೇರಿಸಿಯೇ ಕೇಳುತ್ತೇನೆ: ಒಬ್ಬ ಹೆಂಗಸು ನಮ್ಮೆಲ್ಲರ ಕಣ್ಣೆದುರು ತಡವರಿಸುತ್ತ ನಿಂತಾಗ, ಏನಾಯಿತೆಂದು ಅವಳನ್ನೇ ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಏಕೆ ಅನ್ನಿಸಲಿಲ್ಲ?