ಇಲ್ಲದ ಮರದ ಬಲಕ್ಕೆ

ಸೋಮವಾರಪೇಟೆಯ ಆಚೆ ದಾರಿ ತಪ್ಪಿದವರು ಯಾರನ್ನಾದರೂ ಕೇಳಲಿ, ಮರ ಕಡಿಸುವ ಮೇಸ್ತ್ರಿ ಚೆಲುವಯ್ಯನನ್ನು ಮಾತ್ರ ಕೇಳಬಾರದು. ಕೊಡಗು ಮೈಸೂರು ರಾಜ್ಯಕ್ಕೆ ಸೇರುತ್ತದಂತೆ ಎಂದು ಊರೆಲ್ಲ ತಲೆ ಕೆಡಿಸಿಕೊಂಡಿರುವಾಗಲೂ ಈತ ನಿಶ್ಚಿಂತೆಯಿಂದ ಬೀಡಿ ಹಚ್ಚಿ, "ಸೀದಾ ಹೋಗಿ ಸ್ವಾಮಿ, ಜೋಡಿ ನಂದಿಮರ ಸಿಕ್ತದೆ, ಅಲ್ಲಿ ಬಲಕ್ಕೆ ತಿರುಗಿ" ಎನ್ನುತ್ತಾನೆ. ಆ ಜೋಡಿ ನಂದಿಯನ್ನು ತೊಲೆ-ಹಲಗೆಯ ನಾಟಾಕ್ಕೆಂದು ಹೋದ ವರ್ಷ ಕಡಿಸಿದವನು ಇವನೇ. ನೆನಪಿಸಿದರೆ ಹಣೆ ಉಜ್ಜಿಕೊಂಡು, "ಹೌದಲ್ಲ, ಹಂಗಾದ್ರೆ ಹಲಸಿನ ಹತ್ರ ತಿರುಗಿ" ಎನ್ನುತ್ತಾನೆ. ಹಲಸನ್ನೂ ಕಾಫಿತೋಟಕ್ಕೆ ಜಾಗ ಬಿಡಿಸುವಾಗ ಇವನೇ ಉರುಳಿಸಿದ್ದ. ಕೊಡಲಿ ಹಾಕಿಸುವ ಮೊದಲು ಪ್ರತಿ ಮರಕ್ಕೂ ಕೈಮುಗಿಯುತ್ತಾನೆ, ಹಕ್ಕಿಗಳು ಎದ್ದು ಹೋಗಲೆಂದು ಚಪ್ಪಾಳೆ ತಟ್ಟುತ್ತಾನೆ. ಎಲ್ಲಿಗೆ ಹೋಗಬೇಕು ಅವು ಎಂದರೆ ಪಕ್ಕದ ಮರ ತೋರಿಸುತ್ತಾನೆ. ನಾಳೆ ಅದರ ಸರದಿ. ಎಂದೂ ಬತ್ತದ ಅವನ ಮನೆಹಿಂದಿನ ತೊರೆ ಈ ಬೇಸಿಗೆಯಲ್ಲಿ ಬತ್ತಿತು. "ಯಾಕೆ ಬತ್ತಿತೋ ಗೊತ್ತಾಗ್ತಿಲ್ಲ, ಗುಡ್ಡದ ನೇರಳೆ ಬುಡದಾಗೆ ಒರತೆ ಅದೆ, ತರ್ತೀನಿ" ಎಂದು ಹೆಂಡತಿ ಕೆಂಚಮ್ಮನಿಗೆ ಹೇಳಿ ಕೊಡ ಹೊತ್ತು ಹೋದ. ಸಂಜೆ ನಾನು ಆ ದಾರಿಯಲ್ಲಿ ಬರುವಾಗ, ಬೋಳುಗುಡ್ಡದ ಬೊಡ್ಡೆಗಳ ನಡುವೆ ಖಾಲಿ ಕೊಡ ಹಿಡಿದು ಸುತ್ತುತ್ತಿದ್ದ. ಎಲ್ಲರಿಗೂ ದಾರಿ ಹೇಳುವ ಮನುಷ್ಯ ಮೊದಲ ಸಲ ನನ್ನನ್ನು ಕೇಳಿದ: "ಸ್ವಾಮಿ, ನೇರಳೆಮರ ಯಾವ ಕಡೆ ಇತ್ತು?"